ಹುರಿಯಮ್ಮನ ಗಡಿಗೆ

ಬಿಸಿಲಗೇರಿ ಅಂತ ಒಂದು ರಾಜ್ಯ. ಅಲ್ಲಿ ಮಳೆ ಬರುತ್ತಿತ್ತು, ಬೆಳೆ ಬರುತ್ತಿತ್ತು, ಮದುವೆ ಮುಂಜಿ ಜಗಳ ಎಲ್ಲ ನಮ್ಮಲ್ಲಿ ಆದ ಹಾಗೇ ಆಗುತ್ತಿತ್ತು. ಒಂದು ಮಾತ್ರ ಬೇರೆ. ಹೊಸದಾಗಿ ಅಂಗಡಿ ಇಡುವವರು ಮೊದಲು ಹೋಗಿ ಗೋಡೆಗೆ ನೆರಳು ಕೊಡಬೇಕಿತ್ತು.

ನಗಬೇಡಿ, ಕೇಳಿ.

ಊರಬಾಗಿಲಲ್ಲಿ ಪೂರ್ವಕ್ಕೆ ಮುಖ ಮಾಡಿದ ಉದ್ದನೆಯ ಸುಣ್ಣದ ಗೋಡೆ. ಅದರ ಬುಡದಲ್ಲಿ ಮಸಿಕುಡಿಕೆ ಇಟ್ಟುಕೊಂಡು ಕೂತ ಒಬ್ಬ ಮುದುಕಿ. ಅವಳಿಗೆ ಹೆಸರಿತ್ತೋ ಇಲ್ಲವೋ, ಎಲ್ಲರೂ ಗೋಡೆಯಜ್ಜಿ ಅನ್ನುತ್ತಿದ್ದರು. ಅಂಗಡಿ ಇಡುವವರು ಎಳೆಬಿಸಿಲಲ್ಲಿ ಬಂದು ಗೋಡೆಯ ಮುಂದೆ ನಿಲ್ಲುವುದು, ಅಜ್ಜಿ ಅವರ ನೆರಳಿನ ಅಂಚಿಗೆ ಮಸಿ ಎಳೆಯುವುದು. ಅಂದಿನಿಂದ ಆ ನೆರಳೇ ಅಂಗಡಿಗೆ ಜಾಮೀನು. ಅಂಗಡಿಯಿಂದ ಯಾರಿಗಾದರೂ ಕೇಡಾಯಿತೋ, ಅವರು ಬಂದು ಮಸಿಗೆರೆ ಒರೆಸಿ, ನೆರಳನ್ನು ಚಾಪೆಯ ಹಾಗೆ ಸುತ್ತಿ ಒಯ್ಯಬಹುದಿತ್ತು.

ನೆರಳು ಹೋದವರು ಸಾಯುತ್ತಿರಲಿಲ್ಲ. ಸತ್ತಿದ್ದರೆ ಅತ್ತಾದರೂ ಮುಗಿಸಬಹುದಿತ್ತು. ಅವರು ಬಿಸಿಲಲ್ಲಿ ನಿಂತರೂ ಬೆವರುತ್ತಿರಲಿಲ್ಲ. ಊಟಕ್ಕೆ ಬಡಿಸಿದರೆ ಉಣ್ಣುತ್ತಿದ್ದರು, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ನೆರಳು ಯಾರ ಕೈಯಲ್ಲಿದೆಯೋ ಅವರ ಮನೆಗೆ ಬೆಳಗಾದರೆ ತಾವಾಗಿಯೇ ಎದ್ದು ಹೋಗಿ ಗೇಯುತ್ತಿದ್ದರು.

ಆ ಊರಲ್ಲಿ ಕೆಂಚವ್ವ ಅಂತ ಒಬ್ಬಳಿದ್ದಳು. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಅವಳಿಗೆ ಒಬ್ಬನೇ ಅಣ್ಣ, ಬೋರಯ್ಯ. ಗಾಡಿಯ ಚಕ್ರ ಮಾಡುವವನು. ಮರ ಕೆತ್ತುವ ಬಾಚಿ ಜಾರಿ ಎಡಗೈಯ ಕಿರುಬೆರಳು ಅರ್ಧ ಹೋಗಿತ್ತು, ಆದರೂ ಆ ಕೈ ಮುಟ್ಟಿದ ಮರ ಉರುಳಿಕೊಂಡು ಹೋಗುತ್ತಿತ್ತು. ಅಂಥವನು ಮೂರು ವರ್ಷದ ಹಿಂದೆ ನೆರಳು ಕಳೆದುಕೊಂಡ.

ಹೇಗೆ ಅಂದರೆ, ಸಂಪಂಗಯ್ಯನಿಂದ.

ಸಂಪಂಗಯ್ಯ ಅನ್ನುವವನು ಕಿವಿಯ ಮೇಲೆ ಸಂಪಿಗೆ ಹೂ ಸಿಕ್ಕಿಸಿಕೊಂಡು, ಎಲ್ಲರನ್ನೂ ಅವ್ವಾ ಅಪ್ಪಾ ಅಂತ ಕರೆದುಕೊಂಡು, ಮೆಲ್ಲಗೆ ಓಡಾಡುವ ಮನುಷ್ಯ. ಬೋರಯ್ಯನಿಗೆ ‘ನಾವಿಬ್ಬರೂ ಪಾಲುದಾರರಾಗೋಣ’ ಅಂದ. ಇಬ್ಬರೂ ಕೈ ಕೈ ಹಿಡಿದು ಗೋಡೆಯ ಮುಂದೆ ನಿಂತರು. ಅಜ್ಜಿ ಜೋಡಿ ನೆರಳು ಬರೆದಳು. ಜೋಡಿ ನೆರಳು ಅಂದರೆ ಒಬ್ಬ ಆಡಿದ ಮಾತು ಇಬ್ಬರೂ ಆಡಿದ ಹಾಗೆ, ಒಬ್ಬ ಮಾಡಿದ ಕೇಡು ಇಬ್ಬರೂ ಮಾಡಿದ ಹಾಗೆ. ಸಂಪಂಗಯ್ಯ ಮೂರು ಊರಿಗೆ ಹೋಗಿ, ಮೂರು ದಿನದಲ್ಲಿ ಮುನ್ನೂರು ಚಕ್ರ ಕೊಡುತ್ತೇವೆ ಅಂತ ಇಬ್ಬರ ಹೆಸರಲ್ಲೂ ಮಾತು ಕೊಟ್ಟು, ಮುಂಗಡ ಧಾನ್ಯ ತೆಗೆದುಕೊಂಡು, ಎಲ್ಲೋ ಕಾಣೆಯಾದ. ಮೂರು ಊರಿನವರೂ ಬಂದರು. ಮನೆಯಲ್ಲಿ ಸಿಕ್ಕಿದವನು ಬೋರಯ್ಯ. ಸಿಕ್ಕಿದವನ ನೆರಳು ಸುತ್ತಿಕೊಂಡು ಹೋದರು, ಒಬ್ಬನದು ಒಯ್ದರೆ ಲೆಕ್ಕ ತೀರಿತು. ಏಳನೇ ದಿನ ಸಂಪಂಗಯ್ಯ ತಣ್ಣಗೆ ವಾಪಸು ಬಂದು, ಆ ನೆರಳನ್ನು ಅವರಿಂದ ಮೂರು ಬುಟ್ಟಿ ಹುರುಳಿಗೆ ಕೊಂಡುಕೊಂಡ.

ಅಂದಿನಿಂದ ಬೋರಯ್ಯ ಬೆಳಗಾದರೆ ಸಂಪಂಗಯ್ಯನ ಹಟ್ಟಿಗೆ, ಉಣ್ಣುವ ಹೊತ್ತಿಗೂ ಬೈಗಿಗೂ ತಂಗಿಯ ಜಗಲಿಗೆ. ಅಣ್ಣಾ ಅಂದರೆ ತಿರುಗಿ ನೋಡುತ್ತಿದ್ದ. ಆ ನೋಟದಲ್ಲಿ ಯಾರೂ ಇರುತ್ತಿರಲಿಲ್ಲ.

ಮನೆ ನಡೆಯಬೇಕಲ್ಲ. ಕೆಂಚವ್ವ ಹಗ್ಗದ ಅಂಗಡಿ ಇಡಬೇಕೆಂದು ಮನಸ್ಸು ಮಾಡಿದಳು. ಅಂಗಳದಲ್ಲಿ ನಾರು ಬಡಿಯುತ್ತ ಕೂತಿದ್ದಾಗ ಸಂಪಂಗಯ್ಯ ಬಂದ. ಕೆಂಚವ್ವ ತಲೆ ಎತ್ತಲಿಲ್ಲ, ನೆಲ ನೋಡಿದಳು. ಅವನ ಕಾಲಿಗೆ ಒಂದಲ್ಲ, ಏಳೆಂಟು ನೆರಳು ಅಂಟಿಕೊಂಡಿದ್ದವು. ಒಂದು ಕುಳ್ಳು, ಒಂದು ಉದ್ದ, ಒಂದು ಹೆಂಗಸಿನದು, ಕಂಕುಳಲ್ಲಿ ಮಗು. ಅವನು ನಿಂತ ಮೇಲೂ ಅವು ಸ್ವಲ್ಪ ಹೊತ್ತು ಅಲ್ಲಾಡುತ್ತಿದ್ದವು.

“ಅಯ್ಯಾ, ನಿಮಗೆ ಇಷ್ಟೊಂದು ನೆರಳು ಯಾಕೆ?” ಅಂದಳು.

“ನಮ್ಮ ಊರಲ್ಲಿ ಬಿಸಿಲು ಜಾಸ್ತಿ ಅಲ್ವೇನವ್ವಾ,” ಅಂತ ನಕ್ಕ. “ಅಂಗಡಿ ಇಡ್ತೀಯಂತೆ. ಒಂಟಿ ನೆರಳು ಬರೆಸಿಬಿಡು. ಹೂವಾಡಗಿತ್ತಿ ಬರೆಸಿಲ್ವಾ? ತರಕಾರಿಯವಳು ಬರೆಸಿಲ್ವಾ? ಒಂದು ಗಳಿಗೆ ನಿಂತರೆ ಆಯ್ತು, ಬಂದಿದ್ದೆಲ್ಲ ನಿಂದೇ.”

ಕೆಂಚವ್ವ ಮರುದಿನ ಗೋಡೆಯ ತನಕ ಹೋದಳು. ಆದರೆ ನಿಲ್ಲಲು ಕಾಲು ಬರಲಿಲ್ಲ. ಹೂವಿನಿಂದ ಯಾರ ಕಾಲು ಮುರಿಯುತ್ತದೆ? ಬಾಡಿದರೆ ಬೈದು ಹೋಗುತ್ತಾರೆ. ನನ್ನದು ಹಗ್ಗ. ಬಾವಿಗೆ ಇಳಿಯುವವನು ಅದನ್ನೇ ಹಿಡಿದು ಇಳಿಯುತ್ತಾನೆ. ಒಂದು ಎಳೆ ಹುಸಿಯಾದರೂ ನನ್ನ ನೆರಳು ಹೋಯಿತು, ನನ್ನದೂ ಹೋದ ಮೇಲೆ ಅಣ್ಣನಿಗೆ ಬಡಿಸುವವರು ಯಾರು? ಹೀಗೆ ಯೋಚಿಸಿ ವಾಪಸು ಬಂದಳು.

ಸಂಪಂಗಯ್ಯ ಎರಡನೇ ಸಲ ಬಂದ. “ಭಯ ಆಯ್ತೇನವ್ವಾ? ಭಯ ಹಂಚಿಕೊಂಡರೆ ಅರ್ಧ ಆಗುತ್ತೆ. ನಾನೂ ಪಾಲಿಗೆ ಬರ್ತೀನಿ. ಜೋಡಿ ನೆರಳು ಬರೆಸೋಣ.”

ಕೆಂಚವ್ವ ಜಗಲಿಯ ಕಡೆ ನೋಡಿದಳು. ಬೋರಯ್ಯ ಬಿಸಿಲಲ್ಲಿ ಕೂತಿದ್ದ, ಅವನ ಹಿಂದಿನ ಗೋಡೆ ಬರಿದಾಗಿತ್ತು.

“ಯೋಚನೆ ಮಾಡ್ತೀನಿ ಅಯ್ಯಾ,” ಅಂದಳು. ಯೋಚನೆ ಮಾಡುವುದೇನಿತ್ತು? ಅವನು ಬೀದಿ ತಿರುಗಿದ ಕೂಡಲೇ ಸೆರಗು ಕಟ್ಟಿಕೊಂಡು ಗೋಡೆಯಜ್ಜಿಯ ಹತ್ತಿರ ಓಡಿದಳು.

“ಅಜ್ಜಿ, ಒಂಟಿ ಬೇಡ, ಜೋಡಿ ಬೇಡ. ಮೂರನೇದು ಇಲ್ವಾ?”

ಅಜ್ಜಿ ಮಸಿಕುಡಿಕೆ ಕಲಕಿದಳು. “ಇದೆ. ಯಾರೂ ಕೇಳಲ್ಲ. ಬೊಂಬೆ ನೆರಳು ಅಂತಾರೆ. ಮರದ ಬೊಂಬೆ ಮಾಡಿ, ಅದಕ್ಕೊಂದು ಹೆಸರಿಟ್ಟು ತಾ. ಅಂಗಡಿ ಅದರದ್ದು. ನೀನು ಅದರ ಆಳು. ಅದಕ್ಕೆ ಬಾಯಿಲ್ಲ, ಅದರ ಮಾತು ನೀನಾಡಬೇಕು. ಅಂಗಡಿಯಿಂದ ಕೇಡಾದರೆ ಬೊಂಬೆಯನ್ನ ಒಯ್ತಾರೆ, ಬೊಂಬೆಯದನ್ನೆಲ್ಲ ಒಯ್ತಾರೆ. ನಿನ್ನನ್ನ ಮುಟ್ಟೋ ಹಾಗಿಲ್ಲ.”

“ಅಷ್ಟೇನಾ? ಹಾಗಾದರೆ ಎಲ್ಲರೂ ಯಾಕೆ ಮಾಡಲ್ಲ?”

“ಮೂರು ಕಟ್ಟು ಇದಾವೆ ಕಣೇ. ಬೊಂಬೆಗೆ ಬೇರೆ ಗಡಿಗೆ. ಅಂಗಡಿಗೆ ಬಂದ ಕಾಳೆಲ್ಲ ಅದಕ್ಕೆ ಹೋಗಬೇಕು, ನಿನಗೆ ಅಮಾವಾಸ್ಯೆಗೆ ಅಮಾವಾಸ್ಯೆ ಕೂಲಿ ಮಾತ್ರ. ಬೊಂಬೆಯ ಹೆಸರಲ್ಲಿ ಆಡಿದ ಪ್ರತಿ ಮಾತಿಗೂ ಅದರ ಕೊರಳ ದಾರದಲ್ಲಿ ಒಂದು ಗಂಟು. ಪ್ರತಿ ಅಮಾವಾಸ್ಯೆ ಬೆಳಿಗ್ಗೆ ಬೊಂಬೆಯನ್ನ ತಂದು ಗೋಡೆಗೆ ಮುಖ ತೋರಿಸಬೇಕು.” ಅಜ್ಜಿ ಸ್ವರ ತಗ್ಗಿಸಿದಳು. “ಗಡಿಗೆಯಿಂದ ಒಂದು ತುತ್ತು, ಒಂದೇ ತುತ್ತು ತಿಂದೆಯೋ, ನಿನ್ನ ನೆರಳೂ ಅದರ ನೆರಳೂ ಒಂದೇ ಆಗಿಬಿಡ್ತವೆ. ಆಮೇಲೆ ಬಿಡಿಸೋದು ನನ್ನ ಕೈಯಲ್ಲೂ ಆಗಲ್ಲ. ಹಸಿದ ದಿನ ಮರೆತವರು ಬಹಳ ಮಂದಿ.”

ಗೋಡೆಯ ಮೇಲೆ ಒಂದು ಮುದಿ ಹಲ್ಲಿ ಇತ್ತು. ನಿಜ ಮಾತಿಗೆ ಮಾತ್ರ ಅದು ಲೊಚಗುಟ್ಟುತ್ತಿತ್ತು. ಈಗ ಲೊಚ್ ಲೊಚ್ ಅಂದಿತು.

ಕೆಂಚವ್ವ ಮನೆಗೆ ಬಂದು ಅಣ್ಣನ ಬಾಚಿ ಹುಡುಕಿ ತೆಗೆದಳು. ಅವನು ಬಿಟ್ಟುಹೋದ ಜಾಲಿ ಮರದ ಅಚ್ಚು ಒಂದು ಮೂಲೆಯಲ್ಲಿತ್ತು. ಮೂರು ದಿನ ಕೆತ್ತಿದಳು. ಹಗ್ಗ ಹೊಸೆಯುವ ಕೈ, ಬೊಂಬೆ ಹೇಗೆ ಬಂದೀತು? ಕತ್ತು ಓರೆ. ಒಂದು ಕಣ್ಣು ಕಾಳಿನಷ್ಟು, ಇನ್ನೊಂದು ಕೋಳಿಮೊಟ್ಟೆಯಷ್ಟು. ಹುರಿಯಮ್ಮ ಅಂತ ಹೆಸರಿಟ್ಟು, ಸೀರೆ ತುಂಡು ಉಡಿಸಿ ಹೊತ್ತುಕೊಂಡು ಹೋದಳು. ಅಜ್ಜಿ ಅದನ್ನು ಗೋಡೆಯ ಮುಂದೆ ನಿಲ್ಲಿಸಿ, ನೆರಳಿನ ಸುತ್ತ ಮಸಿ ಎಳೆದು, ಕೊನೆಗೆ ಕಣ್ಣಿಗೆ ಎರಡು ಬೊಟ್ಟು ಇಟ್ಟಳು.

ಮನೆಗೆ ವಾಪಸು ಹೊರುವಾಗ ಬೊಂಬೆ ಭಾರವಾಗಿತ್ತು. ಮಲಗಿದ ಮಗುವನ್ನು ಎತ್ತಿಕೊಂಡರೆ ಭಾರ ಆಗುತ್ತದಲ್ಲ, ಹಾಗೆ.

ಅಂಗಡಿ ತೆರೆದಳು. ಹುರಿಯಮ್ಮ ಒಳಗೆ ಮಣೆಯ ಮೇಲೆ, ಮುಂದೆ ಅವಳ ಗಡಿಗೆ, ಕೊರಳಲ್ಲಿ ದಾರ. ಹಗ್ಗ ಕೊಂಡವರು ಕಾಳು ತಂದು ಗಡಿಗೆಗೆ ಸುರಿಯುತ್ತಿದ್ದರು. “ಇದು ನೀರು ಸೇದೋ ಕೊಡಕ್ಕೆ,” “ಇದು ಎತ್ತಿಗೆ,” “ಇದು ಆಳು ಇಳಿಯೋ ಬಾವಿಗೆ,” ಅಂತ ಕೆಂಚವ್ವ ಗಟ್ಟಿಯಾಗಿ ಹೇಳಿ ಪ್ರತಿಯೊಂದಕ್ಕೂ ಒಂದು ಗಂಟು ಹಾಕುತ್ತಿದ್ದಳು. ಒಂದೊಂದು ಬಗೆಗೆ ಒಂದೊಂದು ಗಂಟು.

ಕೆಲಸ ನಡೆಯಿತು, ಆದರೆ ಆ ಅಂಗಡಿಯಲ್ಲಿ ಯಾರೂ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ಹುರಿಯಮ್ಮನ ನೆರಳು ಬಿಸಿಲಿನ ಜೊತೆ ತಿರುಗುತ್ತಿರಲಿಲ್ಲ. ಸಂಜೆ ಎಲ್ಲರ ನೆರಳೂ ಒಂದು ಕಡೆ ಚಾಚಿದರೆ ಅವಳದು ಬೆಳಿಗ್ಗೆ ಬಿದ್ದ ಕಡೆಯೇ ಬಿದ್ದಿರುತ್ತಿತ್ತು. ಒಂದು ದಿನ ಕೆಂಚವ್ವ ಒಂದು ಗಂಟು ಹಾಕಲು ಮರೆತು ಹೊರಗೆ ಹೋಗಿ ಬಂದಳು. ಬಂದು ನೋಡಿದರೆ ಓರೆ ಕತ್ತು ಬಾಗಿಲ ಕಡೆ ತಿರುಗಿತ್ತು. “ತಪ್ಪಾಯ್ತು ತಾಯಿ,” ಅಂತ ಗಂಟು ಹಾಕಿದಳು.

ಇನ್ನೊಂದು ದಿನ, ಅಮಾವಾಸ್ಯೆಗೆ ಮೂರು ದಿನ ಮುಂಚೆ, ಮನೆಯ ಮಡಕೆ ಬರಿದಾಯಿತು. ಹುರಿಯಮ್ಮನ ಗಡಿಗೆ ಮಾತ್ರ ಬಾಯಿಮಟ್ಟ ತುಂಬಿತ್ತು. ಬೋರಯ್ಯ ಜಗಲಿಯ ಮೇಲೆ ಬರಿ ತಟ್ಟೆ ನೋಡುತ್ತ ಕೂತಿದ್ದ. ಆ ಹೊತ್ತಿಗೆ ಸರಿಯಾಗಿ ಸಂಪಂಗಯ್ಯ ಮೂರನೇ ಸಲ ಬಂದ. ಬಾಗಿಲಿಗೆ ಒರಗಿ ಮೆಲ್ಲಗೆ ಅಂದ:

“ಹೊಸೆದಿದ್ದು ನೀನು, ಬಡಿದಿದ್ದು ನೀನು. ಮರದ ತುಂಡಿಗೆ ಯಾಕವ್ವಾ ಕಾಳು? ಒಂದು ಬೊಗಸೆ ತಗೋ. ಯಾರು ನೋಡ್ತಾರೆ?”

ಕೆಂಚವ್ವನ ಕೈ ಗಡಿಗೆಯ ಕಡೆ ಹೋಯಿತು. ಸುಳ್ಳು ಯಾಕೆ ಹೇಳಲಿ, ಹೋಯಿತು. ಅಣ್ಣ ಹಸಿದು ಕೂತಿದ್ದಾನೆ. ಬೆರಳು ಗಡಿಗೆಯ ಅಂಚು ಮುಟ್ಟುವಷ್ಟರಲ್ಲಿ ಅವಳ ಕಣ್ಣು ನೆಲಕ್ಕೆ ಬಿತ್ತು. ಅವಳ ಕೈಯ ನೆರಳು ಗಡಿಗೆಯ ನೆರಳಿನ ಕಡೆ ಸಾಗುತ್ತಿತ್ತು. ಎದುರುಗಡೆಯಿಂದ ಹುರಿಯಮ್ಮನ ನೆರಳೂ ಒಂದು ಕೈ ಚಾಚಿತ್ತು. ಬೊಂಬೆಯ ಕೈ ತೊಡೆಯ ಮೇಲೇ ಇತ್ತು. ನೆರಳಿನ ಕೈ ಮಾತ್ರ ಬೆರಳು ಬಿಚ್ಚಿ, ಹಿಡಿದುಕೊಳ್ಳಲು ಕಾಯುತ್ತಿತ್ತು.

ಕೆಂಚವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಪಕ್ಕದ ಮನೆಗೆ ಹೋಗಿ ರಾಗಿ ಬೀಸಿಕೊಟ್ಟು, ಕೂಲಿಗೆ ಹಿಟ್ಟು ತಂದು ಅಣ್ಣನಿಗೆ ಅಂಬಲಿ ಕಾಯಿಸಿದಳು. ಸಂಪಂಗಯ್ಯ ಕಿವಿಯ ಹೂ ಸರಿ ಮಾಡಿಕೊಂಡು ಹೊರಟುಹೋದ. ಅವನ ಬೆನ್ನ ಹಿಂದೆ ನೆರಳುಗಳು ಒಂದಕ್ಕೊಂದು ತಗುಲುತ್ತ ಎಳೆದುಕೊಂಡು ಹೋದವು.

ಮೋಸದಿಂದ ಆಗದಿದ್ದುದನ್ನು ಅವನು ಕೇಡಿನಿಂದ ಮಾಡಲು ಹೊರಟ. ಒಂದು ವಾರ ಬಿಟ್ಟು ಬಂದು ಒಂದು ಸಣ್ಣ ಹಗ್ಗ ಕೇಳಿದ. “ನೀರಿನ ಕೊಡಕ್ಕೆ ಕಣವ್ವ.” ಕೆಂಚವ್ವ ಅಳೆದು ಕೊಟ್ಟು ಕೊಡದ ಗಂಟು ಹಾಕಿದಳು. ಅವನು ಮನೆಗೆ ಹೋಗಿ ಆ ಕೊಡದ ಹಗ್ಗಕ್ಕೆ ಬೀಸುವ ಕಲ್ಲು ಕಟ್ಟಿ, ತೊಲೆಗೆ ನೇತುಹಾಕಿ, ಕೆಳಗೆ ತನ್ನ ಮುದಿ ಎತ್ತನ್ನು ನಿಲ್ಲಿಸಿದ. ಹಗ್ಗ ಕಡಿಯಿತು. ಎತ್ತು ಸತ್ತಿತು. ಸಂಪಂಗಯ್ಯ ಬಾಯಿ ಬಡಿದುಕೊಳ್ಳುತ್ತ ಗೋಡೆಗೆ ಓಡಿದ.

ಮರುದಿನ ಎಳೆಬಿಸಿಲಲ್ಲಿ ಊರೆಲ್ಲ ಸೇರಿತು. ಕೆಂಚವ್ವ ಹುರಿಯಮ್ಮನನ್ನು ಹೊತ್ತು ತಂದು ಕೂರಿಸಿದಳು, ಅವಳ ಗಡಿಗೆಯನ್ನೂ ತಂದು ಮುಂದೆ ಇಟ್ಟಳು.

“ಇವಳ ಹಗ್ಗ ಕಡಿದು ನನ್ನ ಎತ್ತು ಹೋಯ್ತು!” ಅಂದ ಸಂಪಂಗಯ್ಯ. “ಇವಳ ನೆರಳು ನನಗೆ ಬೇಕು.”

“ಹಗ್ಗ ಹುರಿಯಮ್ಮಂದು,” ಅಂದಳು ಅಜ್ಜಿ.

“ಹುರಿಯಮ್ಮ ಇವಳು ಇಬ್ಬರೂ ಒಂದೇ! ಗಡಿಗೆಯಿಂದ ತಿಂದಿದಾಳೆ, ನಾನೇ ಕಂಡಿದೀನಿ.”

ಎಲ್ಲರೂ ಹಲ್ಲಿಯ ಕಡೆ ನೋಡಿದರು. ಹಲ್ಲಿ ಸುಮ್ಮನಿತ್ತು.

“ನಾನು ತಿಂದಿಲ್ಲ. ಕೈ ಹೋಗಿತ್ತು, ಹಿಂದಕ್ಕೆ ತಗೊಂಡೆ,” ಅಂದಳು ಕೆಂಚವ್ವ.

ಲೊಚ್ ಲೊಚ್ ಲೊಚ್ ಅಂದಿತು ಹಲ್ಲಿ.

ಈಗ ಕೇಳಿ. ಬೊಂಬೆಯ ಕೊರಳಲ್ಲಿ ಕೊಡದ ಗಂಟು ಇತ್ತು. ಅದನ್ನು ಎತ್ತಿ ಹಿಡಿದು, ‘ಕೊಡಕ್ಕೆ ಅಂತ ಒಯ್ದು ಕಲ್ಲು ಕಟ್ಟಿದ್ದಾನೆ’ ಅಂದಿದ್ದರೆ ಕೆಂಚವ್ವ ಅಲ್ಲಿಗೇ ಗೆಲ್ಲುತ್ತಿದ್ದಳು, ಅಂಗಡಿ ಉಳಿಯುತ್ತಿತ್ತು. ಅವಳ ಬೆರಳು ಆ ಗಂಟಿನ ಮೇಲೇ ಇತ್ತು. ಅಷ್ಟರಲ್ಲಿ ಸಂಪಂಗಯ್ಯನ ಕಾಲ ಬುಡದಲ್ಲಿ, ನೆರಳುಗಳ ರಾಶಿಯಲ್ಲಿ, ಒಂದು ಎಡಗೈ ಕಾಣಿಸಿತು. ಅದರ ಕಿರುಬೆರಳು ಅರ್ಧ.

ಕೆಂಚವ್ವ ಗಂಟು ಬಿಟ್ಟಳು. ಇವತ್ತು ಗೆದ್ದರೆ ನಾನು ಉಳಿದೆ. ಅಣ್ಣ? ಈ ಮನುಷ್ಯ ಇನ್ನೊಬ್ಬರ ಗಡಿಗೆ ಇನ್ನೊಬ್ಬರದು ಅಂತ ಹುಟ್ಟಿದಾಗಿನಿಂದ ಒಂದು ದಿನವಾದರೂ ಬಿಟ್ಟಿದ್ದಾನಾ?

“ಅಯ್ಯಾ, ಹಗ್ಗ ಕಡಿದಿದ್ದು ನಿಜ,” ಅಂದಳು. “ಕಟ್ಟಳೆ ಪ್ರಕಾರ ಬೊಂಬೆ ತಗೊಂಡು ಹೋಗಿ. ಗಡಿಗೆಯೂ ತಗೊಳ್ಳಿ. ಆದರೆ ಕಟ್ಟುಗಳೂ ಜೊತೆಗೇ ಬರ್ತವೆ. ಗಡಿಗೆಯಲ್ಲಿರೋದು ಹುರಿಯಮ್ಮಂದು. ನೀವು ತಿನ್ನಬಾರದು.”

“ಗೊತ್ತು, ಗೊತ್ತು.”

“ಊರ ಮುಂದೆ ಹೇಳ್ತಿದೀನಿ. ತಿನ್ನಬಾರದು.”

“ಗೊತ್ತು ಅಂದೆನಲ್ಲ!” ತುಂಬಿದ ಗಡಿಗೆಯ ಮೇಲೆ ಅವನ ಕಣ್ಣು ನೆಟ್ಟುಹೋಗಿತ್ತು. ಅಜ್ಜಿ ಕೆಂಚವ್ವನ ಮುಖವನ್ನೊಮ್ಮೆ ನೋಡಿದಳು.

ಸಂಪಂಗಯ್ಯ ಬೊಂಬೆ ಹೊತ್ತುಕೊಂಡು ಹೋದ. ಕೆಂಚವ್ವ, ಆಳಿನ ಕೊನೆಯ ಚಾಕರಿ ಅಂತ, ಗಡಿಗೆಯನ್ನು ಮನೆಗೊಯ್ದು ಹುರಿಯಮ್ಮನ ಕಾಳನ್ನೇ ಬೇಯಿಸಿದಳು. ಹೊಸ ಅವರೆಕಾಳು, ಇಂಗು, ಒಣಮೆಣಸಿನಕಾಯಿ, ಮೇಲೆ ಒಗ್ಗರಣೆ. ಗಡಿಗೆ ತುಂಬಿ, ಮಧ್ಯಾಹ್ನದ ಹೊತ್ತಿಗೆ ಅವನ ಮನೆಗೆ ಹೊತ್ತು ತಂದು ಬೊಂಬೆಯ ಮುಂದೆ ಇಟ್ಟಳು. ಘಮ ಹಟ್ಟಿಯ ತನಕ ಹರಡಿತು.

“ಮೂರನೇ ಸಲ ಹೇಳ್ತಿದೀನಿ ಅಯ್ಯಾ. ಇದು ಅವಳ ಪಾಲು.”

“ಆಯ್ತು, ಹೊರಡವ್ವಾ.”

ಕೆಂಚವ್ವ ಹೊರಗೆ ಬಂದು ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಳು. ನಡುಮಧ್ಯಾಹ್ನ. ಬೀದಿಯಲ್ಲಿ ನಾಯಿಯೂ ಇಲ್ಲ. ಒಳಗೆ ಅವನು ಅತ್ತಿಂದಿತ್ತ ಓಡಾಡುವ ಸದ್ದು. ಒಂದು ಸಲ ಬಂದು ನಿಂತ, ಹೋದ. ಎರಡನೇ ಸಲ ಬಂದು ನಿಂತ, ಹೋದ. ಮೂರನೇ ಸಲ ನಿಂತವನು ಹೋಗಲಿಲ್ಲ. ಮುಚ್ಚಳ ಸರಿದ ಸದ್ದು. ಬಾಯಿ ಚಪ್ಪರಿಸಿದ ಸದ್ದು. ಒಂದು ತುತ್ತು. ಎರಡು ತುತ್ತು.

ಆಮೇಲೆ ಯಾವ ಸದ್ದೂ ಇಲ್ಲ.

ಹೊಸ್ತಿಲ ಮೇಲೆ ಏನೋ ಹರಿದಾಡಿದಂತಾಯಿತು. ಒಂದು ನೆರಳು ಹೊಸ್ತಿಲು ದಾಟಿ, ಜಗಲಿಯಿಂದ ಇಳಿದು, ಬೀದಿಯಲ್ಲಿ ತೆವಳಿಕೊಂಡು ಹೋಯಿತು. ಹಿಂದೆ ಇನ್ನೊಂದು, ಕುಳ್ಳಗಿನದು. ಕಂಕುಳಲ್ಲಿ ಮಗುವಿದ್ದ ಹೆಂಗಸಿನದು ಓಡಿಯೇ ಹೋಯಿತು. ಅಂಟಿಕೊಳ್ಳಲು ಒಡೆಯನ ನೆರಳೇ ಇಲ್ಲದ ಮೇಲೆ ಅವು ಯಾಕೆ ನಿಲ್ಲುತ್ತವೆ? ಕೊನೆಗೆ ಬಂದದ್ದು ಕೆಂಚವ್ವನ ಪಾದದ ಹತ್ತಿರ ನಿಂತಿತು. ತಣ್ಣಗಿತ್ತು. ಅರ್ಧ ಬೆರಳಿನ ಕೈ ಅವಳ ಹಿಮ್ಮಡಿ ಸವರಿತು.

“ನಡಿ ಅಣ್ಣ, ಮನೆಗೆ ಹೋಗೋಣ,” ಅಂದಳು.

ತಿರುಗಿ ನೋಡಬಾರದು ಅಂದುಕೊಂಡಳು. ನೋಡಿದಳು. ಒಳಗೆ ಎರಡು ಬೊಂಬೆ ಎದುರುಬದುರು ಕೂತಿದ್ದವು. ಒಂದಕ್ಕೆ ಕಣ್ಣು ಸಣ್ಣದು ದೊಡ್ಡದು. ಇನ್ನೊಂದಕ್ಕೆ ಕಿವಿಯ ಮೇಲೆ ಸಂಪಿಗೆ, ಕೈ ಮಣಿಕಟ್ಟಿನ ತನಕ ಗಡಿಗೆಯೊಳಗೆ. ನೆಲದ ಮೇಲೆ ಇಬ್ಬರಿಗೂ ಸೇರಿ ಒಂದೇ ನೆರಳು. ಸಂಪಿಗೆಯವನ ಕಣ್ಣು ಮಾತ್ರ ಬಾಗಿಲ ಕಡೆಗೆ ಮೆಲ್ಲಗೆ ಹೊರಳಿತು.

ಕೆಂಚವ್ವ ಅಲ್ಲಿ ನಿಲ್ಲಲಿಲ್ಲ. ಮನೆ ಮುಟ್ಟುವಷ್ಟರಲ್ಲಿ ಜಗಲಿಯ ಮೇಲೆ ಬೋರಯ್ಯ ಎದ್ದು ನಿಂತಿದ್ದ. ಮೂರು ವರ್ಷದಲ್ಲಿ ಮೊದಲ ಸಲ ಅವನ ಹಣೆ ಬೆವತಿತ್ತು.

“ಕೆಂಚಿ, ಹಸಿವಾಗ್ತಿದೆ ಕಣೇ,” ಅಂದ.

ಅವಳು ಅಳುತ್ತ ಮುದ್ದೆ ಕಟ್ಟಿದಳು.

ಮತ್ತೆ ಅಂಗಡಿ ಇಡುವ ದಿನ ಬಂತು. ಒಂದು ಕಡೆ ಹಗ್ಗ, ಒಂದು ಕಡೆ ಚಕ್ರ. ಅಣ್ಣ ತಂಗಿ ಇಬ್ಬರೂ ಗೋಡೆಗೆ ಹೋದರು. ಬೋರಯ್ಯ ತಂಗಿಯ ಕೈ ಹಿಡಿದುಕೊಂಡ. ಗೋಡೆಯಜ್ಜಿ ಮಸಿ ಕಲಕುತ್ತ ಕೇಳಿದಳು: “ಒಡಹುಟ್ಟಿದವರು. ಜೋಡಿ ನೆರಳು ಬರೀಲೇನೆ?”

ಕೆಂಚವ್ವ ಅಣ್ಣನ ಕೈಯನ್ನು ಒಮ್ಮೆ ಒತ್ತಿ, ಬಿಟ್ಟಳು. “ಬೇಡ ಅಜ್ಜಿ. ಅಣ್ಣ ಅಂದ್ರೆ ನಂಗೆ ಜೀವ. ಅದಕ್ಕೇ ನೆರಳು ಬೇರೆ ಇರಲಿ. ನಾನು ತಪ್ಪಿದರೆ ಅವನು ಉಳೀಬೇಕು, ಅವನು ತಪ್ಪಿದರೆ ನಾನು ಉಳೀಬೇಕು. ಬೊಂಬೆ ತಂದಿದೀವಿ. ಇಬ್ಬರೂ ಅದರ ಆಳುಗಳು.”

ಈ ಸಲ ಬೊಂಬೆ ಕೆತ್ತಿದವನು ಬೋರಯ್ಯ. ಎರಡು ಕಣ್ಣೂ ಸರಿಯಾಗಿದ್ದವು. ಹಲ್ಲಿ ಲೊಚಗುಟ್ಟಿತು.

ಸಂಪಂಗಯ್ಯನ ಮನೆ ಇವತ್ತಿಗೂ ಇದೆಯಂತೆ. ನಡುಮಧ್ಯಾಹ್ನ ಆ ಕಡೆ ಹೋದವರಿಗೆ ಗಡಿಗೆಯ ತಳ ಬೆರಳಿನಿಂದ ಕೆರೆದ ಸದ್ದು ಕೇಳುತ್ತದಂತೆ. ನಾನು ಹೋಗಿಲ್ಲ, ನೀವೂ ಹೋಗಬೇಡಿ. ಆದರೆ ನಾಳೆ ನೀವೊಂದು ಅಂಗಡಿ ಇಡುವ ಹಾಗಿದ್ದರೆ, ಬಾಗಿಲಿಗೆ ತೋರಣ ಕಟ್ಟುವ ಮುಂಚೆ ಇದನ್ನು ಕೇಳಿಕೊಳ್ಳಿ: ಇದಕ್ಕೆ ಯಾರ ನೆರಳು ಜಾಮೀನು? ಹೂ ಮಾರುವವರಿಗೆ ಒಂಟಿ ನೆರಳು ಸಾಕು. ನಂಬಿಕಸ್ತ ಜೊತೆಗಾರನಿದ್ದರೆ, ಅವನ ತಪ್ಪನ್ನೂ ಹೊರುವ ಎದೆಯಿದ್ದರೆ, ಜೋಡಿಯೂ ಆದೀತು. ಇನ್ನೊಬ್ಬರ ಜೀವ ತೂಗುವ ಕೆಲಸವಾದರೆ ಬೊಂಬೆ ಕೂರಿಸಿ. ಕೂರಿಸಿದ ಮೇಲೆ ಅಂಗಡಿಯದು ಅಂಗಡಿಗೆ, ಮನೆಯದು ಮನೆಗೆ. ಎಷ್ಟೇ ಹಸಿವಾದರೂ ಅವಳ ಗಡಿಗೆಗೆ ಕೈ ಹಾಕಬೇಡಿ.

ಈಗ ಏಳಿ, ಮನೆಗೆ ಹೊರಡಿ. ಹೋಗುವಾಗ ನಿಮ್ಮ ನಿಮ್ಮ ನೆರಳು ನಿಮ್ಮ ಜೊತೆಗೇ ಬರುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.